ಬೆನ್ನ ಮೇಲೆ ಜೆಟ್ ಹೊತ್ತ ಪ್ಯಾಕೆಟ್

ಭಾರತೀಯ ವಾಯುಪಡೆಯ 1960ರ ದಶಕದ ಛಾಯಾಚಿತ್ರಗಳಲ್ಲಿ ವಿಚಿತ್ರ ಆಕಾರದ ಸರಕುವಿಮಾನವೊಂದು ಕಾಣಸಿಗುತ್ತದೆ. ಪೆಟ್ಟಿಗೆಯಂಥ ದಪ್ಪ ಒಡಲು. ಎರಡು ರೆಕ್ಕೆಗಳಿಂದ ಹಿಂದಕ್ಕೆ ಚಾಚಿದ ಎರಡು ತೊಲೆಗಳು. ಆ ತೊಲೆಗಳ ತುದಿಗಳನ್ನು ಒಂದುಗೂಡಿಸುವ ಬಾಲ. ರೆಕ್ಕೆಗೆ ಒಂದರಂತೆ ಎರಡು ಪ್ರೊಪೆಲರ್ ಎಂಜಿನ್‌ಗಳು. ಇವೆಲ್ಲದರ ಮೇಲೆ, ಒಡಲಿನ ಬೆನ್ನಿನ ನಡುವೆ, ಕೊಳವೆಯಂಥ ಇನ್ನೊಂದು ಭಾಗ ಕುಳಿತಿರುತ್ತದೆ. ಅದು ಜೆಟ್ ಎಂಜಿನ್. ಪ್ರೊಪೆಲರ್ ವಿಮಾನದ ಬೆನ್ನಿಗೆ ಜೆಟ್ ಏಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಕೊರಿಯದ ಕಣಿವೆ, ಲಡಾಖಿನ ತೆಳುಗಾಳಿ, ಬೆಂಗಳೂರಿನ ಎಂಜಿನ್ ಕಾರ್ಖಾನೆ ಮೂರನ್ನೂ ಹಾದುಹೋಗಬೇಕಾಗುತ್ತದೆ.

ವಿಮಾನದ ಹೆಸರು ಫೇರ್‌ಚೈಲ್ಡ್ ಸಿ-119. ಅಮೆರಿಕದಲ್ಲಿ ಇದನ್ನು 'ಫ್ಲೈಯಿಂಗ್ ಬಾಕ್ಸ್‌ಕಾರ್' ಎಂದರು, ಅಂದರೆ ಹಾರುವ ಗೂಡ್ಸ್ ಡಬ್ಬಿ. ನಮ್ಮ ವಾಯುಪಡೆಯಲ್ಲಿ ಇದು 'ಪ್ಯಾಕೆಟ್' ಎಂದೇ ಪ್ರಸಿದ್ಧ. ನಿಜದಲ್ಲಿ ಪ್ಯಾಕೆಟ್ ಎಂಬುದು ಇದರ ಅಣ್ಣನಾದ ಸಿ-82 ವಿಮಾನದ ಹೆಸರು. ತಮ್ಮನಿಗೂ ಅದೇ ಅಂಟಿಕೊಂಡಿತು.

ಲಾರಿಗೆ ಹೊಂದುವ ವಿಮಾನ

ಎರಡನೆಯ ಮಹಾಯುದ್ಧದಲ್ಲಿ ಸರಕು ಸಾಗಿಸಿದ ಮುಖ್ಯ ವಿಮಾನ ಡಕೋಟ. ಅದು ಪ್ರಯಾಣಿಕ ವಿಮಾನವೊಂದರ ರೂಪಾಂತರ. ಬಾಗಿಲು ಪಕ್ಕದಲ್ಲಿತ್ತು. ಬಾಲದ ಕೆಳಗೆ ಚಿಕ್ಕ ಚಕ್ರವಿದ್ದುದರಿಂದ ನೆಲದ ಮೇಲೆ ನಿಂತಾಗ ಅದರ ಒಳನೆಲ ಇಳಿಜಾರಾಗಿರುತ್ತಿತ್ತು. ಅದರೊಳಗೆ ಭಾರದ ಪೀಪಾಯಿಯನ್ನು ಉರುಳಿಸುವುದು, ಅದನ್ನು ತಿರುಗಿಸಿ ಮೂತಿಯ ಕಡೆಗೆ ಏರಿಸುವುದು ಬೆನ್ನು ಮುರಿಯುವ ಕೆಲಸ. ಜೀಪು, ಫಿರಂಗಿಗಳನ್ನು ಏರಿಸುವುದಂತೂ ಇನ್ನೂ ಕಷ್ಟ.

ಫೇರ್‌ಚೈಲ್ಡ್ ಕಂಪನಿಯ ತಂತ್ರಜ್ಞರು ಲೆಕ್ಕವನ್ನು ನೆಲದಿಂದ ಆರಂಭಿಸಿದರು. ಲಾರಿಯ ಹಿಂಬದಿ ಎಷ್ಟು ಎತ್ತರದಲ್ಲಿದೆಯೋ ವಿಮಾನದ ನೆಲವೂ ಅಷ್ಟೇ ಎತ್ತರದಲ್ಲಿರಬೇಕು. ಮೂತಿಯ ಕೆಳಗೆ ಚಕ್ರ ಕೊಟ್ಟು ನೆಲವನ್ನು ಸಮತಟ್ಟಾಗಿಸಬೇಕು. ಹಿಂಭಾಗವನ್ನು ಪೂರ್ತಿಯಾಗಿ ತೆರೆಯುವಂತಿರಬೇಕು. ಲಾರಿ ನೇರವಾಗಿ ಹಿಮ್ಮುಖವಾಗಿ ಬಂದು ಒರಗಿ ನಿಲ್ಲಬೇಕು. ಆದರೆ ಸಾಮಾನ್ಯ ವಿಮಾನದಲ್ಲಿ ಒಡಲಿನ ಹಿಂಭಾಗವೇ ಬಾಲವನ್ನು ಹೊರುವ ಭಾಗ. ಅದನ್ನು ಬಾಗಿಲಾಗಿಸಿದರೆ ಬಾಲವನ್ನು ಎಲ್ಲಿಡುವುದು? ಇದಕ್ಕೆ ಸಿಕ್ಕ ಪರಿಹಾರವೇ ಆ ಎರಡು ತೊಲೆಗಳು. ಬಾಲದ ಭಾರವನ್ನು ಅವು ಹೊತ್ತವು, ನಡುವಿನ ಪೆಟ್ಟಿಗೆ ಸರಕಿಗೆಂದೇ ಉಳಿಯಿತು.

ಸಿ-82 ಮೊದಲು ಹಾರಿದ್ದು 1944ರ ಸೆಪ್ಟೆಂಬರಿನಲ್ಲಿ. ಅದರ ಶಕ್ತಿ ಸಾಲದೆಂದು ಒಡಲನ್ನು ಅಗಲಿಸಿ, ದೊಡ್ಡ ಎಂಜಿನ್ ಹೂಡಿ, ಚಾಲಕರ ಕೋಣೆಯನ್ನು ಮೂತಿಗೆ ತಂದು ಸಿ-119 ರೂಪಿಸಿದರು. ಇದರ ಮೊದಲ ಹಾರಾಟ 1947ರ ನವೆಂಬರಿನಲ್ಲಿ. ಮುಂದೆ ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ನಮಗೆ ಬಂದ 'ಜಿ' ಮಾದರಿಯ ರೆಕ್ಕೆಯ ಹರವು 33 ಮೀಟರ್, ಗರಿಷ್ಠ ತೂಕ ಸುಮಾರು 33 ಟನ್. ಅದರ ಪ್ರತಿಯೊಂದು ಎಂಜಿನ್‌ಗೂ 18 ಸಿಲಿಂಡರ್, ಸುಮಾರು 3500 ಅಶ್ವಶಕ್ತಿ.

ಆಕಾಶದಿಂದ ಸೇತುವೆ

ಹಿಂಬಾಗಿಲಿನ ಬೆಲೆ ಜಗತ್ತಿಗೆ ತಿಳಿದದ್ದು 1950ರ ಡಿಸೆಂಬರಿನಲ್ಲಿ. ಕೊರಿಯ ಯುದ್ಧದಲ್ಲಿ ಚೋಸಿನ್ ಜಲಾಶಯದ ಬಳಿ ಸುತ್ತುವರಿಯಲ್ಪಟ್ಟ ಅಮೆರಿಕದ ಪಡೆ ಕೊರೆಯುವ ಚಳಿಯಲ್ಲಿ ಸಮುದ್ರದತ್ತ ಹಿಂದೆಗೆಯುತ್ತಿತ್ತು. ಕಣಿವೆಯ ದಾರಿಯಲ್ಲಿದ್ದ ಒಂದೇ ಸೇತುವೆಯನ್ನು ಚೀನೀ ಸೈನಿಕರು ಒಡೆದಿದ್ದರು. ಕಾಲಾಳುಗಳು ಹೇಗೋ ಇಳಿದು ದಾಟಬಹುದಿತ್ತು. ಗಾಯಾಳುಗಳನ್ನು ಹೊತ್ತ ವಾಹನಗಳು ದಾಟುವಂತಿರಲಿಲ್ಲ. ಉಕ್ಕಿನ ಸೇತುವೆ ತುಂಡುಗಳನ್ನು ವಿಮಾನದಿಂದ ಬೀಳಿಸಬಹುದೇ ಎಂಬ ಪ್ರಶ್ನೆ ಎದ್ದಿತು. ಒಂದೊಂದು ತುಂಡೂ ಒಂದು ಟನ್ನಿಗಿಂತ ಹೆಚ್ಚು ಭಾರ. ಹಾಗೆ ಯಾರೂ ಹಿಂದೆ ಮಾಡಿರಲಿಲ್ಲ. ಪರೀಕ್ಷೆಗೆಂದು ಒಂದನ್ನು ಬೀಳಿಸಿದಾಗ ಪ್ಯಾರಾಚೂಟ್ ಚಿಕ್ಕದಾಗಿ ಅದು ಹಾಳಾಯಿತು. ಆಮೇಲೆ ತುಂಡಿನ ಎರಡು ತುದಿಗಳಿಗೂ ಒಂದೊಂದು ದೊಡ್ಡ ಪ್ಯಾರಾಚೂಟ್ ಕಟ್ಟಿದರು. ಡಿಸೆಂಬರ್ 7ರಂದು ಎಂಟು ತುಂಡುಗಳು ಕೊತೋರಿ ಎಂಬಲ್ಲಿ ಬಿದ್ದವು. ಒಂದು ಮುರಿಯಿತು, ಒಂದು ಶತ್ರುವಿನ ಪಾಲಾಯಿತು. ಉಳಿದವುಗಳಿಂದ ಸೇತುವೆ ಎದ್ದಿತು, ಸಾವಿರಾರು ಜನ ದಾಟಿದರು.

ಇಲ್ಲೊಂದು ತಾಂತ್ರಿಕ ಸೂಕ್ಷ್ಮವಿದೆ. ಆ ಕಾಲದ ಸಿ-119ರ ಹಿಂಬಾಗಿಲುಗಳು ಚಿಪ್ಪಿನಂತೆ ಎರಡು ಪಕ್ಕಕ್ಕೆ ತೆರೆಯುವಂಥವು; ಹಾರುವಾಗ ಅವನ್ನು ತೆರೆಯಲು ಬರುತ್ತಿರಲಿಲ್ಲ. ಭಾರಿ ಸರಕು ಬೀಳಿಸಬೇಕಾದರೆ ಹೊರಡುವ ಮೊದಲೇ ಬಾಗಿಲುಗಳನ್ನು ಕಳಚಿ ನೆಲದ ಮೇಲೆ ಬಿಟ್ಟು ಹೋಗಬೇಕಿತ್ತು. ಆಕಾಶದಲ್ಲೇ ತೆರೆಯುವ ಬಾಗಿಲು ಬಂದದ್ದು 'ಜೆ' ಮಾದರಿಯಲ್ಲಿ. ಆ ಮಾದರಿಯ ಒಂದು ವಿಮಾನ 1960ರ ಆಗಸ್ಟ್ 19ರಂದು ಹವಾಯಿ ದ್ವೀಪಗಳ ಬಳಿ ಇನ್ನೊಂದು ಸಾಹಸ ಮಾಡಿತು. ಡಿಸ್ಕವರರ್-14 ಉಪಗ್ರಹದಿಂದ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ ಕೋಶವನ್ನು, ತೆರೆದ ಹಿಂಬಾಗಿಲಿನಿಂದ ಇಳಿಬಿಟ್ಟ ಕೊಕ್ಕೆಗಳಿಂದ ಮೂರನೆಯ ಯತ್ನದಲ್ಲಿ ಗಾಳಿಯಲ್ಲೇ ಹಿಡಿಯಿತು. ಕಕ್ಷೆಯಿಂದ ಮರಳಿದ ವಸ್ತುವೊಂದನ್ನು ಗಾಳಿಯಲ್ಲಿ ಹಿಡಿದದ್ದು ಅದೇ ಮೊದಲು. ಕೋಶದೊಳಗೆ ಗೂಢಚಾರ ಕ್ಯಾಮೆರಾದ ಫಿಲ್ಮ್ ಇತ್ತೆಂಬ ಸಂಗತಿಯನ್ನು ಅಮೆರಿಕ ಅಧಿಕೃತವಾಗಿ ಬಹಿರಂಗಪಡಿಸಿದ್ದು 1995ರಲ್ಲಿ.

ಪೆಟ್ಟಿಗೆ ಒಳ್ಳೆಯದಾಗಿತ್ತು. ಎಂಜಿನ್‌ಗಳ ವಿಷಯದಲ್ಲಿ ಹಾಗೆನ್ನಲಾಗದು. ಎರಡೂ ಸರಿಯಾಗಿ ನಡೆಯುತ್ತಿರುವಾಗ ತೊಂದರೆ ಇರಲಿಲ್ಲ. ಪೂರ್ತಿ ಭಾರ ಹೊತ್ತಾಗ ಒಂದು ಕೈಕೊಟ್ಟರೆ, ಉಳಿದ ಒಂದರಿಂದ ಎತ್ತರ ಕಾಯ್ದುಕೊಳ್ಳುವುದೇ ಪ್ರಯಾಸವಾಗುತ್ತಿತ್ತು. ಸಮುದ್ರಮಟ್ಟದಲ್ಲೇ ಈ ಪಾಡಾದರೆ ಹಿಮಾಲಯದಲ್ಲಿ?

ಭಾರತಕ್ಕೆ ಬಂದ ಪ್ಯಾಕೆಟ್

1954ರಲ್ಲಿ ಭಾರತ 26 ಪ್ಯಾಕೆಟ್‌ಗಳನ್ನು ಕೊಂಡಿತು. ವಾಯುಪಡೆಯ 12ನೆಯ ಸ್ಕ್ವಾಡ್ರನ್ ಇವನ್ನು ಮೊದಲು ಪಡೆಯಿತು. 1960ರ ಸುಮಾರಿಗೆ ಇನ್ನೊಂದು ಕಂತು, 1962ರ ಯುದ್ಧದ ಬಳಿಕ ಮತ್ತೊಂದು ಕಂತು ಸೇರಿ ಒಟ್ಟು ಎಪ್ಪತ್ತಕ್ಕೂ ಹೆಚ್ಚು ವಿಮಾನಗಳು ಬಂದವು. ಆಗ್ರಾದಲ್ಲಿ ಪ್ಯಾರಾಚೂಟ್ ಸೈನಿಕರ ಹಲವು ತಲೆಮಾರುಗಳು ಮೊದಲ ಬಾರಿ ಧುಮುಕಿದ್ದು ಪ್ಯಾಕೆಟ್‌ನಿಂದಲೇ.

1950ರ ದಶಕದ ಕೊನೆಗೆ ಲಡಾಖಿನ ಗಡಿಯಲ್ಲಿ ಬಿಗುವು ಹೆಚ್ಚಿತು. ರಸ್ತೆಯೇ ಇಲ್ಲದ ಎತ್ತರಗಳಲ್ಲಿ ಕಾವಲುಠಾಣೆಗಳು ತಲೆಯೆತ್ತಿದವು. ಅಲ್ಲಿ ಬೆಳೆಯುವುದು ಏನೂ ಇಲ್ಲ. ಅಕ್ಕಿ, ಹಿಟ್ಟು, ಸೀಮೆಎಣ್ಣೆ, ಬೆಚ್ಚನೆಯ ಬಟ್ಟೆ, ಮದ್ದುಗುಂಡು ಎಲ್ಲವೂ ಆಕಾಶದಿಂದಲೇ ಬರಬೇಕು. ಪ್ಯಾರಾಚೂಟ್ ಕಟ್ಟಿ ಬೀಳಿಸಬಹುದು, ನಿಜ. ಆದರೆ ತೆಳುಗಾಳಿಯಲ್ಲಿ ಪ್ಯಾರಾಚೂಟ್ ಕೂಡ ಬೇಗ ಇಳಿಯುತ್ತದೆ. ಬಯಲುಸೀಮೆಯಲ್ಲಿ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ನೆಲ ಮುಟ್ಟುವ ಮೂಟೆ 5000 ಮೀಟರ್ ಎತ್ತರದಲ್ಲಿ 9 ಮೀಟರ್ ವೇಗದಲ್ಲಿ ಬಡಿಯುತ್ತದೆ. ಗಾಳಿ ಬೀಸಿದರೆ ಕಂದರಕ್ಕೆ ಉರುಳುತ್ತದೆ. ಅಲ್ಲದೆ ಪ್ಯಾರಾಚೂಟ್ ಒಮ್ಮುಖ ದಾರಿ. ಕಾಯಿಲೆ ಬಿದ್ದ ಸೈನಿಕನನ್ನು ಅದು ಕೆಳಗೆ ತರಲಾರದು. ಅದಕ್ಕೆ ವಿಮಾನ ಅಲ್ಲಿ ಇಳಿಯಲೇಬೇಕು. ಇಳಿದ ಮೇಲೆ ಏರಲೂ ಬೇಕು.

ತೆಳುಗಾಳಿಯ ಲೆಕ್ಕ

ಇಲ್ಲಿ ಸ್ವಲ್ಪ ಭೌತವಿಜ್ಞಾನ ಬೇಕು. ಇದನ್ನು ತರಗತಿಯಲ್ಲೂ ಮಾಡಿಸಬಹುದು.

ರೆಕ್ಕೆಯ ಎತ್ತುಬಲ ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಪ್ರಮಾಣಿತ ವಾತಾವರಣದಲ್ಲಿ ಸಮುದ್ರಮಟ್ಟದ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕಿ.ಗ್ರಾಂ. ಲೇಹ್ ವಿಮಾನ ನಿಲ್ದಾಣದ ಎತ್ತರದಲ್ಲಿ, ಅಂದರೆ ಸುಮಾರು 3250 ಮೀಟರಿನಲ್ಲಿ, ಅದು ಶೇ. 72ಕ್ಕೆ ಇಳಿಯುತ್ತದೆ, 5060 ಮೀಟರಿನಲ್ಲಿ ಶೇ. 60ಕ್ಕೆ. ಸಾಂದ್ರತೆ ಇಳಿದಷ್ಟೂ ಅದೇ ತೂಕವನ್ನು ಎತ್ತಲು ವೇಗ ಹೆಚ್ಚಬೇಕು. ಶೇ. 60ರ ಸಾಂದ್ರತೆಯಲ್ಲಿ ವೇಗ 1.29 ಪಟ್ಟು ಆಗಬೇಕು, ವೇಗದ ವರ್ಗ 1.67 ಪಟ್ಟು.

ಒಂದು ಕಾಲ್ಪನಿಕ ವಿಮಾನವನ್ನು ತೆಗೆದುಕೊಳ್ಳಿ. ತೂಕ 25 ಟನ್. ಸಮುದ್ರಮಟ್ಟದಲ್ಲಿ ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ನೆಲ ಬಿಡುತ್ತದೆ. ಅದಕ್ಕೆ 800 ಮೀಟರ್ ಓಡುತ್ತದೆ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ತೂಕದಿಂದ ಗುಣಿಸಿದರೆ ನಿವ್ವಳ ನೂಕುಬಲ ಸುಮಾರು 32 ಕಿಲೊನ್ಯೂಟನ್. ಇದೇ ವಿಮಾನ 5060 ಮೀಟರ್ ಎತ್ತರಕ್ಕೆ ಹೋದರೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಬೇಕಾದ ವೇಗ ಹೆಚ್ಚುತ್ತದೆ. ಇತ್ತ, ಗಾಳಿ ತೆಳುವಾಗಿರುವುದರಿಂದ ಎಂಜಿನ್‌ನ ಉಸಿರು ಕುಗ್ಗಿ ನೂಕುಬಲ ಇಳಿಯುತ್ತದೆ. ನೂಕುಬಲವೂ ಶೇ. 60ಕ್ಕೆ ಇಳಿಯಿತೆಂದು ಇಟ್ಟುಕೊಂಡರೆ ಓಡಬೇಕಾದ ದೂರ 2200 ಮೀಟರ್ ದಾಟುತ್ತದೆ. (ಪಿಸ್ಟನ್ ಎಂಜಿನ್‌ಗೆ ಗಾಳಿ ತುರುಕುವ ಸೂಪರ್‌ಚಾರ್ಜರ್ ಇದ್ದರೆ ನಷ್ಟ ಇಷ್ಟಾಗದೆ ಇರಬಹುದು. ಅದಕ್ಕೂ ಒಂದು ಮಿತಿಯಿದೆ.) ಇದು ತಣ್ಣನೆಯ ಹೊತ್ತಿನ ಮಾತು. ಬೇಸಿಗೆಯ ಮಧ್ಯಾಹ್ನ ಅಲ್ಲಿಯ ಗಾಳಿ 15 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಹಿಗ್ಗಿ ಸಾಂದ್ರತೆ ಶೇ. 53ಕ್ಕೆ ಬೀಳುತ್ತದೆ, ದೂರ 2850 ಮೀಟರ್ ಆಗುತ್ತದೆ. ಲಡಾಖಿಗೆ ಹೋಗುವ ವಿಮಾನಗಳು ಇಂದಿಗೂ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಏನು ಮಾಡಬಹುದು? ಮೊದಲನೆಯದು ಭಾರ ಇಳಿಸುವುದು. 25 ಟನ್ನನ್ನು 20ಕ್ಕೆ ಇಳಿಸಿದರೆ ನೆಲ ಬಿಡುವ ವೇಗವೂ ಕಡಿಮೆ, ನೂಕಬೇಕಾದ ರಾಶಿಯೂ ಕಡಿಮೆ. ಹೀಗೆ ಎರಡು ಲಾಭ ಸೇರಿ 2200 ಮೀಟರ್ 1420ಕ್ಕೆ ಇಳಿಯುತ್ತದೆ. ಆದರೆ ಭಾರ ಇಳಿಸುವುದೆಂದರೆ ಠಾಣೆಯವರ ಅಕ್ಕಿಯನ್ನೇ ಇಳಿಸುವುದು. ಎಷ್ಟು ಇಳಿಸಿಯಾರು? ಎರಡನೆಯ ದಾರಿ ನೂಕುಬಲ ಹೆಚ್ಚಿಸುವುದು.

ಬೆಂಗಳೂರಿನ ಓರ್ಫಿಯಸ್

ಪ್ಯಾಕೆಟ್‌ನ ಬೆನ್ನಿಗೆ ಜೆಟ್ ಕೂರಿಸುವ ಕಲ್ಪನೆ ಅಮೆರಿಕದ ಸ್ಟೀವರ್ಡ್-ಡೇವಿಸ್ ಕಂಪನಿಯದು. ಅದು ಬಳಸಿದ್ದು ವೆಸ್ಟಿಂಗ್‌ಹೌಸ್ ಜೆ-34 ಎಂಜಿನ್. ಭಾರತದಲ್ಲಿ ಅದಕ್ಕಿಂತ ಬಲವಾದ ಎಂಜಿನ್ ಕೈಗೆಟುಕುವಂತಿತ್ತು. ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಓರ್ಫಿಯಸ್ ಜೆಟ್ ಎಂಜಿನ್‌ಗಳನ್ನು ಪರವಾನಗಿ ಪಡೆದು ತಯಾರಿಸಲು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ (1964ರಿಂದ ಹಿಂದೂಸ್ತಾನ್ ಏರೊನಾಟಿಕ್ಸ್, ಅಂದರೆ ಎಚ್.ಎ.ಎಲ್.) 1950ರ ದಶಕದ ಕೊನೆಯಲ್ಲಿ ಎಂಜಿನ್ ಕಾರ್ಖಾನೆ ತೆರೆದಿತ್ತು. ಇದು ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನಕ್ಕೆಂದು ತಂದ ಎಂಜಿನ್. ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ವಿನ್ಯಾಸಗೊಳಿಸಿದ ಎಚ್.ಎಫ್.-24 ಮಾರುತ್ ವಿಮಾನಕ್ಕೂ ಇದೇ ವಂಶದ ಎರಡು ಎಂಜಿನ್‌ಗಳು. ನ್ಯಾಟ್‌ನ ಓರ್ಫಿಯಸ್ 701 ಸಮುದ್ರಮಟ್ಟದಲ್ಲಿ ಸುಮಾರು 21 ಕಿಲೊನ್ಯೂಟನ್ ನೂಕುಬಲ ಕೊಡುತ್ತದೆ. ತೂಕ ಸುಮಾರು 400 ಕಿ.ಗ್ರಾಂ ಮಾತ್ರ. ಪ್ಯಾಕೆಟ್‌ನ ಒಂದು ಪಿಸ್ಟನ್ ಎಂಜಿನ್ ಪ್ರೊಪೆಲರ್ ಬಿಟ್ಟೇ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ ಎಂಬುದನ್ನು ನೆನೆದರೆ ಆಕರ್ಷಣೆ ಅರ್ಥವಾಗುತ್ತದೆ. ಹೀಗೆ ಯುದ್ಧವಿಮಾನದ ಎಂಜಿನ್ ಸರಕುವಿಮಾನದ ಬೆನ್ನೇರಿತು. ಕೆಲವು ಪ್ಯಾಕೆಟ್‌ಗಳು ಜೆ-34 ಹೊತ್ತವು, ಇನ್ನು ಕೆಲವು ಬೆಂಗಳೂರಿನ ಓರ್ಫಿಯಸ್ ಹೊತ್ತವು.

ಬೆನ್ನೇ ಏಕೆ? ರೆಕ್ಕೆಯ ಎಂಜಿನ್‌ಗಳಲ್ಲಿ ಒಂದು ಕೆಟ್ಟರೆ ವಿಮಾನ ಕೆಟ್ಟ ಎಂಜಿನ್‌ನ ಕಡೆಗೆ ತಿರುಗಲು ಎಳೆಯುತ್ತದೆ. ಚಾಲಕ ಚುಕ್ಕಾಣಿ ಒತ್ತಿ ತಡೆಯಬೇಕು. ನಡುಗೆರೆಯ ಮೇಲಿರುವ ಜೆಟ್ ಯಾವ ಕಡೆಗೂ ಎಳೆಯದೆ ಮುಂದಕ್ಕೆ ನೂಕುತ್ತದೆ. ಇನ್ನೊಂದು ಅನುಕೂಲ ಆ ಎರಡು ತೊಲೆಗಳದ್ದು. ಬೇರೆ ವಿಮಾನಗಳಲ್ಲಿ ಬೆನ್ನ ಹಿಂದೆ ಬಾಲದ ನೆಟ್ಟನೆಯ ರೆಕ್ಕೆ ಎದ್ದು ನಿಂತಿರುತ್ತದೆ. ಬಿಸಿ ಅನಿಲ ಅದಕ್ಕೇ ಬಡಿಯುತ್ತಿತ್ತು. ಪ್ಯಾಕೆಟ್‌ನಲ್ಲಿ ನೆಟ್ಟನೆಯ ಬಾಲರೆಕ್ಕೆಗಳು ಎಡಬಲದ ತೊಲೆಗಳ ಮೇಲಿವೆ, ನಡುವೆ ದಾರಿ ಖಾಲಿ. ಲಾರಿ ಒರಗಿ ನಿಲ್ಲಲೆಂದು ಮಾಡಿದ ವಿನ್ಯಾಸ ಹತ್ತು ವರ್ಷದ ಮೇಲೆ ಜೆಟ್‌ಗೂ ಒದಗಿಬಂತು. ಇದನ್ನು ಯಾರೂ ಮುಂದಾಗಿ ಯೋಚಿಸಿರಲಾರರು.

ಜೆಟ್ ಕೂಡ ಗಾಳಿ ಉಸಿರಾಡುವ ಯಂತ್ರವೇ. ಎತ್ತರದಲ್ಲಿ ಅದರ 21 ಕಿಲೊನ್ಯೂಟನ್ ಸುಮಾರು 13ಕ್ಕೆ ಇಳಿಯುತ್ತದೆ. ಆದರೂ ನಮ್ಮ ಕಾಲ್ಪನಿಕ ವಿಮಾನಕ್ಕೆ ಮರಳಿ. ಅಲ್ಲಿ ಉಳಿದಿದ್ದ ನಿವ್ವಳ ನೂಕುಬಲ 19 ಕಿಲೊನ್ಯೂಟನ್. 13 ಸೇರಿಸಿದರೆ 32. 20 ಟನ್ ತೂಕದಲ್ಲಿ 1420 ಮೀಟರಿನ ಓಟ ಸುಮಾರು 850 ಮೀಟರಿಗೆ ಬಂದಿತು! ನೆಲದ ಉಜ್ಜುಬಲ, ಗಾಳಿಯ ತಡೆ ಮೊದಲಾದವನ್ನು ಇಲ್ಲಿ ಸರಿಯಾಗಿ ಲೆಕ್ಕಕ್ಕೆ ಹಿಡಿದಿಲ್ಲ; ಇವು ಪ್ಯಾಕೆಟ್‌ನ ಕೈಪಿಡಿಯ ಅಂಕಿಗಳೂ ಅಲ್ಲ. ಆದರೂ 400 ಕಿ.ಗ್ರಾಂ ಯಂತ್ರದಿಂದ ಎಂಥ ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು. ಜೆಟ್ ಇಂಧನವನ್ನು ಧಾರಾಳವಾಗಿ ಕುಡಿಯುತ್ತದೆ. ಆದ್ದರಿಂದ ಅದನ್ನು ನೆಲ ಬಿಡುವಾಗ, ಕಣಿವೆಗಳ ಮೇಲೆ ಏರುವಾಗ, ಅಪಾಯದ ವೇಳೆಯಲ್ಲಿ ಮಾತ್ರ ಬಳಸುವುದು ವಿವೇಕ.

5064 ಮೀಟರ್

ಕಾರಾಕೋರಂ ಕಣಿವೆದಾರಿಯ ಹತ್ತಿರ, ಲಡಾಖಿನ ಉತ್ತರದ ಅಂಚಿನಲ್ಲಿ, ದೌಲತ್ ಬೇಗ್ ಓಲ್ಡಿ ಎಂಬ ತಾಣವಿದೆ. ಹಿಂದೆ ಯಾರ್ಕಂದಿಗೆ ಹೋಗುವ ವ್ಯಾಪಾರಿಗಳ ತಂಗುದಾಣ. ದೊಡ್ಡ ಸಿರಿವಂತನೊಬ್ಬ ಸತ್ತ ಜಾಗ ಎಂದು ಆ ತುರ್ಕಿ ಹೆಸರಿಗೆ ಅರ್ಥ ಹೇಳುತ್ತಾರೆ. ಎತ್ತರ ಸುಮಾರು 5064 ಮೀಟರ್, ಎಂದರೆ 16,614 ಅಡಿ. ಯುರೋಪಿನ ಮೌಂಟ್ ಬ್ಲಾಂಕ್ ಶಿಖರಕ್ಕಿಂತಲೂ ಇದು ಮೇಲೆ. ಅಲ್ಲಿ ಕಾಂಕ್ರೀಟ್ ಇಲ್ಲ, ಡಾಂಬರಿಲ್ಲ. ಕಲ್ಲು ಆಯ್ದು ಹಸನುಮಾಡಿದ ಮಣ್ಣಿನ ಓಡುದಾರಿ.

1962ರ ಜುಲೈ 23ರಂದು ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಪ್ಯಾಕೆಟ್ ಒಂದನ್ನು ಅಲ್ಲಿ ಇಳಿಸಿದರು. ವಿಮಾನದೊಳಗೆ ಒತ್ತಡ ಕಾಪಾಡುವ ಏರ್ಪಾಡು ಇರಲಿಲ್ಲವಾದ್ದರಿಂದ ಅಂಥ ಹಾರಾಟದಲ್ಲಿ ಸಿಬ್ಬಂದಿಗೆ ಆಮ್ಲಜನಕದ ಮುಖವಾಡ ಅನಿವಾರ್ಯ. ಇಳಿಯುವಿಕೆಯ ಕಷ್ಟವನ್ನೂ ಗಮನಿಸಿ: ಚಾಲಕನ ಮುಂದಿರುವ ವೇಗದರ್ಶಕ ಗಾಳಿಯ ಒತ್ತಡವನ್ನು ಅಳೆಯುವ ಉಪಕರಣ. ತೆಳುಗಾಳಿಯಲ್ಲಿ ಅದು ಎಂದಿನ ಅಂಕಿಯನ್ನೇ ತೋರಿಸುತ್ತಿರುತ್ತದೆ. ನೆಲ ಮಾತ್ರ 1.29 ಪಟ್ಟು ವೇಗವಾಗಿ ಹಿಂದೆ ಸರಿಯುತ್ತಿರುತ್ತದೆ. ಚಕ್ರ ನೆಲ ಮುಟ್ಟಿದಾಗ ಬ್ರೇಕು ನುಂಗಬೇಕಾದ ಚಲನಶಕ್ತಿ 1.67 ಪಟ್ಟು. ಅದು ಆಗ ಜಗತ್ತಿನಲ್ಲೇ ಇಂಥ ವಿಮಾನ ಇಳಿದ ಅತಿ ಎತ್ತರದ ಓಡುದಾರಿಗಳಲ್ಲಿ ಒಂದು. 1948ರ ಮೇ ತಿಂಗಳಿನಲ್ಲಿ ಮೆಹರ್ ಸಿಂಗ್ ಲೇಹ್‌ನಲ್ಲಿ ಡಕೋಟ ಇಳಿಸಿದ್ದೇ ದೊಡ್ಡ ಸಾಹಸವೆನಿಸಿತ್ತು. ಇದು ಅದಕ್ಕಿಂತ 1800 ಮೀಟರ್ ಮೇಲೆ.

ಇಳಿದದ್ದು ಜುಲೈ ಕೊನೆಯಲ್ಲಿ. ಅಕ್ಟೋಬರಿನಲ್ಲಿ ಚೀನಾದೊಂದಿಗೆ ಯುದ್ಧ ಬಂತು. ಸಿಕ್ಕ ಮೂರು ತಿಂಗಳಲ್ಲಿ ಆಕಾಶದಿಂದ ಎಷ್ಟು ಸಾಗಿಸಲು ಸಾಧ್ಯವೋ ಅಷ್ಟೇ ಆ ಠಾಣೆಗಳ ಆಸ್ತಿ. ಆ ವರ್ಷದ ಸೋಲಿಗೆ ಕಾರಣಗಳು ಹಲವು. ಸಾಗಾಣಿಕೆಯ ಕೊರತೆ ಅವುಗಳಲ್ಲಿ ಚಿಕ್ಕದಲ್ಲ. ಒಂದು ಬೆನ್ನಿನ ಜೆಟ್ ಒಂದು ರಸ್ತೆಗೆ ಸಮನಾಗಲಾರದು. ಯುದ್ಧದ ನಂತರವೂ, 1960ರ ದಶಕದ ಮಧ್ಯದವರೆಗೆ, ಪ್ಯಾಕೆಟ್‌ಗಳು ಆ ಓಡುದಾರಿಯನ್ನು ಬಳಸಿದವು. ಮುಂದೆ ಭೂಕಂಪದಿಂದ ಮಣ್ಣು ಸಡಿಲಗೊಂಡು ಅದು ನಿರುಪಯುಕ್ತವಾಯಿತು.

ಕೊನೆಯ ವರ್ಷಗಳು

ಅಮೆರಿಕದವರೂ ಇದೇ ಮದ್ದನ್ನು ಬಳಸಿದರು. ವಿಯೆಟ್ನಾಂ ಯುದ್ಧದಲ್ಲಿ ಸಿ-119ಗೆ ಬಂದೂಕು ಹೂಡಿ ಮಾಡಿದ ಎಸಿ-119ಕೆ ಮಾದರಿಗೆ ರೆಕ್ಕೆಯ ಕೆಳಗೆ ಎರಡು ಪುಟ್ಟ ಜೆಟ್‌ಗಳನ್ನು ತೂಗಿಹಾಕಿದರು. ಮುಂದೆ ಕಾಡ್ಗಿಚ್ಚು ಆರಿಸಲು ಕೊಂಡೊಯ್ದ ಹಳೆಯ ಸಿ-119ಗಳೂ ಬೆನ್ನ ಮೇಲೆ ಜೆಟ್ ಹೊತ್ತವು. ಸೇನೆಯ ಮುಖ್ಯ ಸರಕುವಿಮಾನದ ಸ್ಥಾನವನ್ನು ಅಷ್ಟರಲ್ಲಿ ಸಿ-130 ಹರ್ಕ್ಯುಲಿಸ್ ಪಡೆದಿತ್ತು. 1954ರಲ್ಲಿ ಮೊದಲು ಹಾರಿದ ಅದು ತಗ್ಗಿನ ನೆಲ, ಹಿಂಬಾಗಿಲು ಎರಡನ್ನೂ ಉಳಿಸಿಕೊಂಡು, ಆಕಾಶದಲ್ಲೂ ತೆರೆಯುವ ಇಳಿಜಾರು ಹಲಗೆ ಸೇರಿಸಿ, ಪಿಸ್ಟನ್ ಎಂಜಿನ್‌ಗಳ ಬದಲು ನಾಲ್ಕು ಟರ್ಬೊಪ್ರಾಪ್‌ಗಳನ್ನು ಹೂಡಿತ್ತು. ಬಾಲವನ್ನು ಮೇಲಕ್ಕೆ ಬಾಗಿಸಿದರೆ ಅದರ ಕೆಳಗೇ ಬಾಗಿಲು ಕೂರುತ್ತದೆಂದು ತಿಳಿದ ಮೇಲೆ ತೊಲೆಗಳ ಅಗತ್ಯವೂ ತೀರಿತು.

ಭಾರತದಲ್ಲಿ ಪ್ಯಾಕೆಟ್‌ಗಳು ಇನ್ನೂ ಬಹುಕಾಲ ದುಡಿದವು. 1971ರ ಡಿಸೆಂಬರ್ 11ರಂದು, ಈಗಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಪ್ಯಾರಾಚೂಟ್ ರೆಜಿಮೆಂಟಿನ ಎರಡನೆಯ ಪಡೆ ಧುಮುಕಿದಾಗ ಆಂಟೊನೊವ್-12, ಡಕೋಟ, ಕ್ಯಾರಿಬೂಗಳ ಜೊತೆ ಪ್ಯಾಕೆಟ್‌ಗಳೂ ಇದ್ದವು. 1980ರ ದಶಕದ ಮಧ್ಯದಲ್ಲಿ ಸೋವಿಯತ್ ಒಕ್ಕೂಟದ ಆಂಟೊನೊವ್-32 ಬಂದಾಗ ಪ್ಯಾಕೆಟ್‌ಗಳು ನಿವೃತ್ತಿಯಾದವು. ಹೊಸ ವಿಮಾನ ಮೇಲುನೋಟಕ್ಕೆ ಆಂಟೊನೊವ್-26ರಂತೆಯೇ ಇದೆ, ವ್ಯತ್ಯಾಸ ಎಂಜಿನ್‌ಗಳದ್ದು. ಅವು ಒಂದೊಂದೂ ಸುಮಾರು 5000 ಅಶ್ವಶಕ್ತಿಯ ಟರ್ಬೊಪ್ರಾಪ್‌ಗಳು. ಬಿಸಿಲು ಮತ್ತು ಎತ್ತರ ಎರಡನ್ನೂ ಎದುರಿಸಲೆಂದು, ಭಾರತದ ಅಗತ್ಯವನ್ನು ಕಣ್ಣ ಮುಂದಿಟ್ಟುಕೊಂಡೇ ಹೂಡಿದಂಥವು. ಬೆನ್ನಿನ ಜೆಟ್‌ನ ಕೆಲಸ ರೆಕ್ಕೆಯ ಎಂಜಿನ್‌ನೊಳಗೇ ಸೇರಿಹೋಯಿತೆನ್ನಬಹುದು.

ದೌಲತ್ ಬೇಗ್ ಓಲ್ಡಿಗೆ ಶ್ಯೋಕ್ ಕಣಿವೆಯ ರಸ್ತೆ ಪೂರ್ಣಗೊಂಡದ್ದು 2019ರಲ್ಲಿ. ಅದಕ್ಕೂ ಮೊದಲು, 2008ರ ಮೇ 31ರಂದು, ಎರಡು ಎಂಜಿನ್‌ನ ಆಂಟೊನೊವ್-32 ಅಲ್ಲಿ ಇಳಿಯಿತು. ಪ್ಯಾಕೆಟ್‌ಗಳು ಬಿಟ್ಟು ಹೋದ ಮೇಲೆ ಆ ಮಣ್ಣಿನ ಓಡುದಾರಿಯಲ್ಲಿ ಚಕ್ರವೂರಿದ ಮೊದಲ ಸರಕುವಿಮಾನ ಅದು. 2013ರ ಆಗಸ್ಟಿನಲ್ಲಿ ನಾಲ್ಕು ಎಂಜಿನ್‌ನ ಸಿ-130ಜೆ ಕೂಡ ಬಂದಿಳಿಯಿತು.